೧೭೧೪ರಲ್ಲಿ ನಮ್ಮಪ್ಪ ಕಟ್ಟಿದ ಗೋಡೆ

ಮಾನ್ಯ ಜಿಲ್ಲಾ ಪರಂಪರೆ ಸಂರಕ್ಷಣಾಧಿಕಾರಿಗಳೇ,

ನನ್ನ ಗಂಡನನ್ನು ನೀವು ಅವನ ಮನೆಯಿಂದ ಹೊರಗಿಟ್ಟಿದ್ದೀರಿ. ಹೆಗ್‌ಬಿ ಗ್ರಾಮದ ನಮ್ಮ ‘ಸೀ ಎಂಡ್’ ಮನೆಯ ಉತ್ತರದ ಗೋಡೆಯಲ್ಲಿ ಒಂದು ಬಾಗಿಲು ತೆರೆಯಲು ನಾನು ಅನುಮತಿ ಕೇಳಿದ್ದೆ. ಏಪ್ರಿಲ್ ಹದಿನೇಳರ ಪತ್ರದಲ್ಲಿ ನೀವು ಅದನ್ನು ನಿರಾಕರಿಸಿದ್ದೀರಿ. ಆ ಗೋಡೆ ೧೭೧೪ರದ್ದಂತೆ, ‘ಎಲ್ಲಿಯೂ ಕಡಿಯದ, ಅಸಾಧಾರಣ ಗುಣಮಟ್ಟದ ಮೂಲ ಇಟ್ಟಿಗೆ ಕೆಲಸ’ವಂತೆ, ಅದರಲ್ಲಿ ಒಂದು ಇಟ್ಟಿಗೆಯನ್ನು ಅಲ್ಲಾಡಿಸಿದರೂ ದೇಶಕ್ಕೆ ತುಂಬಲಾರದ ನಷ್ಟವಂತೆ. ಸ್ವಾಮಿ, ನಾನು ಕೇಳಿದ ನಾಲ್ಕಡಿ ಅಗಲ, ಏಳಡಿ ಎತ್ತರದ ಆ ಭಾಗವನ್ನು ಕಟ್ಟಿದವನು ನನ್ನ ಅಪ್ಪ ಅಮೋಸ್ ಡ್ಯಾನಟ್. ಕಟ್ಟಿದ್ದು ೧೯೫೩ರ ಆಗಸ್ಟಿನಲ್ಲಿ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇದನ್ನು ನಿಮಗೆ ಮೂರು ಪತ್ರಗಳಲ್ಲಿ ಬರೆದೆ, ಒಮ್ಮೆ ಮುಖಕ್ಕೆ ಮುಖ ಕೊಟ್ಟು ಹೇಳಿದೆ. ನೀವು ಕೇಳಲಿಲ್ಲ. ಆದ್ದರಿಂದ ಈಗ ಇಡೀ ಜಿಲ್ಲೆಗೆ ಕೇಳಿಸುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿ ನಮ್ಮ ಚರ್ಚಿನ ಮೊಗಸಾಲೆಯಲ್ಲಿ, ಹೂವಿಡುವವರ ಸರದಿಯ ಪಟ್ಟಿಯ ಪಕ್ಕದಲ್ಲಿ, ಅಂಟಿಸಿಯೂ ಇದೆ.

ಮೊದಲು ನನ್ನ ಗಂಡನ ವಿಷಯ. ಸಿರಿಲ್ ಎಪ್ಟನ್ ನಲವತ್ತೊಂದು ವರ್ಷ ಈ ಕರಾವಳಿಯ ಕಾಲುವೆಗಳ ಪಂಪುಗಳನ್ನು ನೋಡಿಕೊಂಡವನು. ನಿಮ್ಮ ಕಚೇರಿಯ ನೆಲಮಾಳಿಗೆ ಇಂದಿಗೂ ಒಣಗಿದೆ ಎಂದರೆ ಅದರಲ್ಲಿ ಅವನ ಪಾಲೂ ಇದೆ. ಕಳೆದ ಫೆಬ್ರುವರಿಯಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಎಡಗಾಲು, ಎಡಗೈ ಹೋದವು. ಮಾತು ನಿಧಾನವಾಗಿ ಮರಳಿತು, ನಾಲಿಗೆಯ ಚುರುಕು ಮಾತ್ರ ಹೋಗಿರಲೇ ಇಲ್ಲ. ಈಗ ಅವನು ಹನ್ನೊಂದು ಮೈಲಿ ಆಚೆ ಪಟ್ಟಣದ ಶುಶ್ರೂಷಾಗೃಹದಲ್ಲಿದ್ದಾನೆ. ಗಾಲಿಕುರ್ಚಿಯಲ್ಲಿ ಮನೆಯೊಳಗೆ ಹೋಗುವ ದಾರಿಯೊಂದನ್ನು ನಾನು ತೋರಿಸಿದರೆ ಅವನನ್ನು ಕಳಿಸಿಕೊಡುತ್ತಾರೆ. ಜೂನ್ ಹನ್ನೆರಡರೊಳಗೆ ತೋರಿಸದಿದ್ದರೆ ಅವನ ತಾತ್ಕಾಲಿಕ ಹಾಸಿಗೆ ಶಾಶ್ವತ ಹಾಸಿಗೆಯಾಗುತ್ತದೆ. ಅಲ್ಲಿಂದ ಆಮೇಲೆ ಯಾರೂ ಮನೆಗೆ ಬರುವುದಿಲ್ಲ, ಅದು ಅಲ್ಲಿನವರೆಲ್ಲರಿಗೂ ಗೊತ್ತು. ಕಿಟಕಿಯಾಚೆ ಅವನಿಗೆ ಕಾಣುವುದು ಕಾರು ನಿಲ್ಲಿಸುವ ಜಾಗ. ಯಾರು ಸರಿಯಾಗಿ ಹಿಂದಕ್ಕೆ ತೆಗೆಯುತ್ತಾರೆ, ಯಾರು ಕಂಬಕ್ಕೆ ಗುದ್ದುತ್ತಾರೆ ಎಂದು ನೋಡಿಕೊಂಡು ಕೂತಿರುತ್ತಾನೆ.

ನಮ್ಮ ಮನೆಗೆ ಬಾಗಿಲೇ ಇಲ್ಲವೇ ಎಂದು ಓದುವವರು ಕೇಳಬಹುದು. ಎರಡಿವೆ. ಮುಂಬಾಗಿಲಿಗೆ ಮೂರು ಕಲ್ಲಿನ ಮೆಟ್ಟಿಲು. ಹತ್ತಿ ಒಳಗೆ ಕಾಲಿಟ್ಟರೆ ಎದೆಗೆ ಎದುರಾಗಿ ಹೊಗೆಗೂಡಿನ ಬೆನ್ನು. ಎಡಕ್ಕೋ ಬಲಕ್ಕೋ ತಿರುಗಿಯೇ ಕೋಣೆಗೆ ಹೋಗಬೇಕು. ತಿರುಗಲು ಇರುವ ಜಾಗ ಒಂದು ಗಜ. ಗಾಳಿಯನ್ನು ತಡೆಯಲು ನಮ್ಮ ಕಡೆಯ ಹಳಬರು ಮನೆಗಳನ್ನು ಹೀಗೆ ಕಟ್ಟುತ್ತಿದ್ದರು, ಬುದ್ಧಿವಂತರು. ಆದರೆ ಗಾಲಿಕುರ್ಚಿಯನ್ನೂ ಅದು ಅಷ್ಟೇ ಚೆನ್ನಾಗಿ ತಡೆಯುತ್ತದೆ. ಹಿಂಬಾಗಿಲು ಬಟ್ಟೆ ಒಗೆಯುವ ಕೋಣೆಯ ಮೂಲಕ, ಎರಡಡಿ ಅಗಲ, ಎರಡು ಮೆಟ್ಟಿಲು ಕೆಳಗೆ. ನೆಲಕ್ಕೂ ಅಂಗಳಕ್ಕೂ ಒಂದೇ ಮಟ್ಟ ಇರುವುದು ಉತ್ತರದ ಕಡೆ ಮಾತ್ರ. ಆದ್ದರಿಂದಲೇ ಹಿಂದಿನವರು ಅಲ್ಲೊಂದು ಬಾಗಿಲು ಇಟ್ಟಿದ್ದರು. ಅಪ್ಪ ಮುಚ್ಚಿದ್ದು ಅದನ್ನೇ.

ಇದಕ್ಕೆ ನೀವು ಕೊಟ್ಟ ಪರಿಹಾರಗಳನ್ನು ಓದುಗರಿಗೆ ತಿಳಿಸದಿದ್ದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಮೊದಲನೆಯದು, ಮುಂಬಾಗಿಲಿಗೆ ತೆಗೆದಿಡಬಹುದಾದ ಇಳಿಜಾರು ಹಲಗೆ. ನಾನು ಅಳೆದು ನೋಡಿದೆ. ಹಲಗೆಯ ಕೆಳತುದಿ ರಸ್ತೆಯ ನಟ್ಟನಡುವೆ, ಹಾಲಿನ ಲಾರಿ ತಿರುಗುವ ಕಡೆ ಬಂದು ನಿಲ್ಲುತ್ತದೆ. ಮೇಲ್ತುದಿ ನೇರವಾಗಿ ಹೊಗೆಗೂಡಿಗೆ. ಮೇಲಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ ಗಂಡಸು ಮುಂದೇನು ಮಾಡಬೇಕು ಎಂಬುದನ್ನು ನಿಮ್ಮ ಪತ್ರ ಹೇಳಿಲ್ಲ. ಎರಡನೆಯದು, ‘ಅರ್ಜಿದಾರರು ತಮ್ಮ ಅಗತ್ಯಗಳಿಗೆ ಒಗ್ಗುವ ಬೇರೆ ವಸತಿಯನ್ನು ಪರಿಗಣಿಸಬಹುದು.’ ಈ ವಾಕ್ಯವನ್ನು ನಾನು ಸಿರಿಲ್‌ಗೆ ಓದಿ ಹೇಳಿದೆ.

“ಅಂದ್ರೆ ಗೋಡೆ ಮನೇಲಿರತ್ತೆ, ನಾನು ಹೊರಗಿರ್ಬೇಕು. ಅಷ್ಟೇ ತಾನೆ?” ಎಂದ.

“ಅಷ್ಟೇ.”

“ನಿಮ್ಮಪ್ಪ ಬದುಕಿದ್ದಾಗ್ಲೂ ನನ್ನನ್ನ ಒಳಗೆ ಬಿಟ್ಕೊಳ್ಳೋಕೆ ಇಷ್ಟ ಇರ್ಲಿಲ್ಲ ಕಣೇ ಡೋರಿ. ಸತ್ತು ಮೂವತ್ತು ವರ್ಷ ಆದ್ರೂ ಬಿಡ್ತಿಲ್ಲ ನೋಡು, ಎಂಥಾ ಹಠ ಮುದುಕಂದು!”

ಅವನು ನಕ್ಕ, ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುತ್ತ ಹನ್ನೊಂದು ಮೈಲಿಯೂ ನಿಮ್ಮನ್ನು ಬೈದುಕೊಂಡು ಬಂದೆ.

ನನ್ನನ್ನು ಹಳೆಯದೆಂದರೆ ಆಗದವಳು ಎಂದುಕೊಳ್ಳಬೇಡಿ. ನಾನು ಇಟ್ಟಿಗೆ ಕೆಲಸದವನ ಮಗಳು. ಪ್ರತಿ ವಸಂತದಲ್ಲೂ ಸುಣ್ಣದ ಗಾರೆ ಕಲಸಿ ಉದುರಿದ ಸಂದುಗಳಿಗೆ ನಾನೇ ತುಂಬುತ್ತೇನೆ, ಈ ಎಪ್ಪತ್ತೊಂಬತ್ತರಲ್ಲೂ. ಊರಿನಲ್ಲಿ ಯಾರಾದರೂ ಹಳೆಯ ಇಟ್ಟಿಗೆಗೆ ಸಿಮೆಂಟು ಮೆತ್ತಿದರೆ ಅವರ ಮನೆಯಲ್ಲಿ ನಾನು ಚಹಾ ಕುಡಿಯುವುದಿಲ್ಲ. ಮುಂಬಾಗಿಲಿನ ಹಸಿರು ಬಣ್ಣ ‘ತಪ್ಪು ಹಸಿರು’ ಎಂದು ನಿಮ್ಮ ಹಿಂದಿನವರು ಹೇಳಿದಾಗ ತುಟಿಪಿಟಕ್ಕೆನ್ನದೆ ಮೂರು ಸಲ ಬಳಿದೆ. ಮೂರನೆಯ ಹಸಿರು ಸರಿಯೆಂದರು. ಅದು ನಾನು ಮೊದಲು ಬಳಿದಿದ್ದೇ, ಡಬ್ಬಿ ಮಾತ್ರ ಬೇರೆ. ಆಗಲೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮನೆ ಉಳಿಯಲಿ, ಇವರು ಅದಕ್ಕಾಗಿಯೇ ಅಲ್ಲವೇ ಇರುವುದು ಎಂದುಕೊಂಡಿದ್ದೆ. ಮನೆ ಎಂದರೆ ಒಳಗೆ ಇರುವವರೂ ಸೇರುತ್ತಾರೆ ಎಂದು ತಿಳಿದಿದ್ದು ನನ್ನ ಬೆಪ್ಪುತನ.

ಇನ್ನು ಆ ಬಾಗಿಲಿನ ಕಥೆ. ನೀವು ಇದನ್ನು ‘ಬಾಲ್ಯದ ನೆನಪು, ಪುರಾವೆಯಲ್ಲ’ ಎಂದು ಒಂದು ಸಾಲಿನಲ್ಲಿ ತಳ್ಳಿಹಾಕಿದಿರಿ. ಈಗ ಪೂರ್ತಿ ಓದಿ.

೧೯೫೩ರ ಜನವರಿ ಮೂವತ್ತೊಂದು, ಶನಿವಾರ. ಸಂಜೆ ಏಳರ ಹೊತ್ತಿಗೆ ಸಮುದ್ರ ಒಡ್ಡು ದಾಟಿ ಒಳಗೆ ಬಂತು. ನಮ್ಮ ಮನೆಗೆ ಅದು ಬಂದದ್ದು ಉತ್ತರದ ಕಡೆಯಿಂದ. ಆ ಬಾಗಿಲಿಗೆ ಎಂದಿನಂತೆ ಬೀಗ ಹಾಕಿತ್ತು, ಬೀಗದ ಕೈ ನಮ್ಮ ಅಜ್ಜಿ ಕೆಜಾಯಾಳ ಏಪ್ರನ್ನಿನ ಜೇಬಿನಲ್ಲಿತ್ತು. ಅಜ್ಜ ಬಾಗಿಲಿಗೆ ಭುಜ ಕೊಟ್ಟು ನಿಂತ. ಅಪ್ಪ ನನ್ನನ್ನೂ ಅಮ್ಮನನ್ನೂ ಮಹಡಿಗೆ ಹತ್ತಿಸಿ ಇಳಿದು ಬರುವಷ್ಟರಲ್ಲಿ ಬಾಗಿಲು ಹಾಕಿದ ಬೀಗದ ಸಮೇತ ಒಳಗೆ ಬಿದ್ದಿತ್ತು, ಅಜ್ಜ ಅದರ ಅಡಿಯಲ್ಲಿದ್ದ. ನೀರು ಇಳಿದ ಮೇಲೆ ಬಾಗಿಲು ಮೂರು ಹೊಲ ಆಚೆ ಸಿಕ್ಕಿತು. ಅಜ್ಜ ಮನೆಯೊಳಗೇ ಸಿಕ್ಕಿದ. ನನಗೆ ಆಗ ಏಳು ವರ್ಷ. ಈ ಊರಿನಲ್ಲಿ ಆ ಸಂಜೆಯನ್ನು ಕಂಡವರು ಈಗ ನಾವು ಮೂವರಿದ್ದೇವೆ. ನಾವು ಮರೆತಿಲ್ಲ, ಮರೆಯಲು ಪ್ರಯತ್ನಪಟ್ಟಿದ್ದೇವೆ.

ಅಜ್ಜಿ ಆ ಬಾಗಿಲಿನ ಜಾಗವನ್ನು ದಿಟ್ಟಿಸಿ ನೋಡುವುದನ್ನೇ ಬಿಟ್ಟಳು. ಆ ಕೋಣೆಗೆ ಹೋಗಬೇಕಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಕೊನೆಗೆ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು:

“ಅಮೋಸಾ, ಆ ಬಾಗ್ಲು ನಂಗೆ ಬೇಡ. ಮುಚ್ಚಿಬಿಡು.”

“ಹೊಸಾ ಬಾಗ್ಲು ಮಾಡಿಸ್ತೀನಮ್ಮ. ಗಟ್ಟಿಯಾಗಿ.”

“ಬಾಗ್ಲೇ ಬೇಡ ಅಂದೆ. ಅಲ್ಲೊಂದು ಬಾಗ್ಲಿತ್ತು ಅನ್ನೋದೇ ಕಾಣಬಾರ್ದು. ಒಂದು ಗೆರೆಯೂ ಕಾಣಬಾರ್ದು. ನಿನ್ ಕೈಲಿ ಆಗತ್ತೋ ಇಲ್ವೋ?”

ಇಟ್ಟಿಗೆ ಕೆಲಸದವನಿಗೆ ಹೀಗೆ ಕೇಳಬಾರದು, ಅದರಲ್ಲೂ ತಾಯಿ ಕೇಳಬಾರದು. ಬಾಗಿಲು ಮುಚ್ಚುವುದು ಯಾರಿಗೂ ಬರುತ್ತದೆ. ಇದ್ದ ಕಂಡಿಯಲ್ಲಿ ಇಟ್ಟಿಗೆ ತುಂಬಿದರಾಯಿತು, ಎರಡೂ ಬದಿಗೆ ನೆಟ್ಟಗೆ ಒಂದೊಂದು ಸೀಳುಗೆರೆ ಉಳಿಯುತ್ತದೆ, ಮುಂದಿನ ಮುನ್ನೂರು ವರ್ಷ ನೋಡಿದವರೆಲ್ಲ ‘ಇಲ್ಲೊಂದು ಬಾಗಿಲಿತ್ತು’ ಎನ್ನುತ್ತಾರೆ. ಅಪ್ಪನಿಗೆ ಆ ಗೆರೆ ಆಗಬಾರದಿತ್ತು. ಉಪ್ಪುನೀರು ಕುಡಿದ ಗೋಡೆ ಒಣಗಲೆಂದು ಆಗಸ್ಟಿನವರೆಗೆ ಕಾದ. ಆಮೇಲೆ ಬಾಗಿಲಿನ ಎರಡೂ ಅಂಚುಗಳನ್ನು ಒಂದು ಸಾಲು ಬಿಟ್ಟು ಒಂದು ಸಾಲು ಬಿಡಿಸಿ, ಹಳೆಯ ಇಟ್ಟಿಗೆಗಳ ನಡುವೆ ತನ್ನ ಇಟ್ಟಿಗೆಗಳನ್ನು ಹಲ್ಲು ಕೂರಿಸಿದಂತೆ ಕೂರಿಸಿದ. ಪ್ರವಾಹಕ್ಕೆ ಕುಸಿದ ನಮ್ಮ ಹಂದಿಗೂಡು ಮನೆಗೆ ಇಟ್ಟಿಗೆ ಸುಟ್ಟ ಭಟ್ಟಿಯಲ್ಲೇ ಸುಟ್ಟ ಇಟ್ಟಿಗೆಯದು, ಮನೆಯಷ್ಟೇ ಹಳೆಯದು. ಅದರಿಂದ ಒಂದೊಂದನ್ನೇ ಆರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಅಂಗಳದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ. ಹುಳಿ ಹಾಲಿಗೆ ಹೊಗೆಮಸಿ ಕಲಸಿ ಹೊಸ ಸಂದುಗಳಿಗೆ ಸವರಿದ. ಇಡೀ ತಿಂಗಳು ಅಂಗಳ ಹುಳಿ ನಾತ ಹೊಡೆಯುತ್ತಿತ್ತು, ಅಮ್ಮ ಬಟ್ಟೆಯನ್ನು ಚರ್ಚಿನ ಹಿಂದೆ ಒಣಹಾಕುತ್ತಿದ್ದಳು. ಇಷ್ಟೂ ನಿಮ್ಮ ಪ್ರಕಾರ ಪುರಾವೆಯಲ್ಲ.

ಆ ಗೋಡೆಯ ಮೇಲೆ ಕಪ್ಪು ಸುಟ್ಟ ಇಟ್ಟಿಗೆಗಳ ವಜ್ರಾಕೃತಿಯ ಚಿತ್ತಾರವಿದೆಯಲ್ಲ, ನಿಮ್ಮ ಪಟ್ಟಿಯಲ್ಲಿ ‘ಅಖಂಡವಾದ ಐದು ವಜ್ರಗಳು’ ಎಂದು ಬರೆದಿದೆಯಲ್ಲ, ಅದು ಅಖಂಡವಾಗಿರಲಿಲ್ಲ. ೧೭೧೪ರವರು ನಾಲ್ಕು ಮಾಡಿದ್ದರು. ಮೂರನೆಯದರ ಜಾಗದಲ್ಲಿ ಬಾಗಿಲಿತ್ತು, ಅದರ ಮೇಲೆ ಒಂದು ತುದಿ ಮಾತ್ರ ಉಳಿದಿತ್ತು. ಅಪ್ಪ ಅದನ್ನು ಪೂರ್ತಿ ಮಾಡಿದ. ಯಾರೂ ಕೇಳಿರಲಿಲ್ಲ. ಅಜ್ಜಿ ಗೆರೆ ಕಾಣಬಾರದು ಎಂದಿದ್ದಳೇ ಹೊರತು ಚಿತ್ತಾರ ಬೇಕು ಎಂದಿರಲಿಲ್ಲ. “ಅವ್ರು ಅರ್ಧ ಬಿಟ್ಟು ಹೋಗಿದ್ರು ಪಾಪ, ಮುಗಿಸ್ಕೊಟ್ಟೆ,” ಎಂದು ಅಪ್ಪ ಕೈ ಒರೆಸಿಕೊಂಡ.

ಕೊನೆಗೆ ಕೂರಿಸಲೆಂದು ಅಪ್ಪ ಬಿಟ್ಟಿದ್ದ ಇಟ್ಟಿಗೆ ಆ ಮೂರನೆಯ ವಜ್ರದ ಕೆಳತುದಿಯದು. ನಮ್ಮ ಕಡೆಯ ಇಟ್ಟಿಗೆಯವರು ಕೆಲಸ ಮುಗಿಸುವಾಗ ಕೊನೆಯ ಇಟ್ಟಿಗೆಯ ಹಿಂದೆ ಏನನ್ನಾದರೂ ಇಟ್ಟು ಮುಚ್ಚುತ್ತಾರೆ. ಮಣ್ಣಿನ ಚಿಲುಮೆಯೋ, ಗುಂಡಿಯೋ, ಹೆಸರು ಬರೆದ ಚೀಟಿಯೋ. ಅಪ್ಪ ತನ್ನ ಹಳೆಯ ಪೆನ್ಸಿಲು ಇಡಲು ಹೊರಟಿದ್ದ. ಅಜ್ಜಿ ಬಂದಳು. ಆರು ತಿಂಗಳಲ್ಲಿ ಮೊದಲ ಸಲ ಆ ಗೋಡೆಯನ್ನು ಎದುರಿಗೆ ನಿಂತು ನೋಡಿದಳು. ಏಪ್ರನ್ನಿನ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟಳು.

“ಇಡು ಅಲ್ಲಿ. ನಿಮ್ಮಜ್ಜ ಮುಚ್ಚೋಕೆ ಅಂತಾನೇ ಹೋದ್ರು. ಈಗ ಮುಚ್ಚಿದೆ.”

ನಾನು ಇಟ್ಟೆ. ನನ್ನ ಮುಂಗೈಯಷ್ಟು ಉದ್ದದ ಕಬ್ಬಿಣದ ಕೈ, ಹಿಡಿಕೆಯಲ್ಲಿ ಒಂದು ಬಿರುಕು. ಅಪ್ಪ ಗಾರೆ ಹಾಕಿ ಇಟ್ಟಿಗೆ ಕೂರಿಸಿದ. ಆ ಇಟ್ಟಿಗೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸಬಲ್ಲೆ.

ಮಾನ್ಯರೇ, ಇಲ್ಲಿಯವರೆಗಿನ ತಪ್ಪು ನಿಮ್ಮದಲ್ಲ. ಇಲ್ಲಿಂದ ಮುಂದಿನದು ಮೊದಲು ನಮ್ಮದು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ೧೯೮೬ರಲ್ಲಿ ಊರೂರು ಸುತ್ತಿ ಹಳೆಯ ಮನೆಗಳ ಪಟ್ಟಿ ಮಾಡಲು ಒಬ್ಬ ಪರಿವೀಕ್ಷಕ ಬಂದ. ಅಪ್ಪನಿಗೆ ಎಪ್ಪತ್ತನಾಲ್ಕು. ಪರಿವೀಕ್ಷಕ ಉತ್ತರದ ಗೋಡೆಯ ಮುಂದೆ ನಿಂತವನು ಅಲ್ಲಾಡಲೇ ಇಲ್ಲ. ಅಪ್ಪ ಅವನ ಪಕ್ಕದಲ್ಲಿ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತಿದ್ದ.

“ಅದ್ಭುತ! ಇಡೀ ಕೌಂಟಿಯಲ್ಲಿ ಇಂಥ ಕೆಲಸ ನೋಡಿಲ್ಲ ನಾನು,” ಎಂದ ಆತ. “ಅದರಲ್ಲೂ ಆ ನಡುವಿನ ವಜ್ರ ನೋಡಿ. ಯಾರು ಕಟ್ಟಿರಬಹುದು ಅಂತ ನಿಮ್ಮ ಮನೇಲಿ ಏನಾದ್ರೂ ಹೇಳ್ತಾರಾ?”

ಅಪ್ಪ ಗಂಟಲು ಸರಿಮಾಡಿಕೊಂಡ. “ಯಾರೋ ಕೈ ಚೆನ್ನಾಗಿದ್ದವನು ಬಿಡಿ ಸ್ವಾಮಿ. ಈಗಿನ ಕಾಲದವ್ರಿಗೆ ಇಂಥದ್ದೆಲ್ಲ ಎಲ್ಲಿ ಬರತ್ತೆ?”

ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಅವನು ಹೋದ ಮೇಲೆ ಹೊರಗೆ ಬಂದು ದಬಾಯಿಸಿದೆ. “ಏನಪ್ಪಾ ಇದು? ಹೇಳೋದಲ್ವಾ?”

“ಸುಮ್ನಿರೇ ಡೋರಿ. ಮೂವತ್ತಮೂರು ವರ್ಷ ಆಯ್ತು, ಒಬ್ಬ ಆದ್ರೂ ಚೆನ್ನಾಗಿದೆ ಅಂದಿದ್ನಾ? ನಿಮ್ಮಜ್ಜೀನೂ ಅನ್ಲಿಲ್ಲ. ಇವನು ಅಂದ. ನಾನೇ ಕಟ್ಟಿದ್ದು ಅಂದಿದ್ರೆ ‘ಓ ಹೌದಾ’ ಅಂತ ಪುಸ್ತಕ ಮುಚ್ಕೊಂಡು ಹೋಗ್ತಿದ್ದ.”

ಅದು ನಿಜ, ಹೋಗುತ್ತಿದ್ದ. ನಮ್ಮ ಮನೆಯಲ್ಲಿ ಆ ಮಾತು ವರ್ಷಗಟ್ಟಲೆ ನಗೆಚಾಟಿಕೆಯಾಯಿತು. ಕ್ರಿಸ್‌ಮಸ್ ಊಟಕ್ಕೆ ಕೂತರೆ ಸಿರಿಲ್ ಲೋಟ ಎತ್ತಿ “೧೭೧೪ರ ಮಾವನಿಗೆ!” ಎನ್ನುತ್ತಿದ್ದ. ಅಪ್ಪ ತಲೆಬಾಗಿಸಿ ಸ್ವೀಕರಿಸುತ್ತಿದ್ದ. ಅವರಿಬ್ಬರೂ ಸ್ನೇಹಿತರಾದದ್ದೇ ಆ ಒಂದು ನಗೆಯಿಂದ. ನಾವು ಅಂಗಳದಲ್ಲಿ ಆಡಿದ ತಮಾಷೆ ಇಂದು ನಿಮ್ಮ ಕೈಯಲ್ಲಿ ಕಾನೂನಾಗಿದೆ. ಅಪ್ಪನಿಗೆ ಅಷ್ಟು ಹೊಗಳಿಕೆಯ ಹಸಿವಿತ್ತು ಎಂದು ನನಗೆ ಗೊತ್ತಿದ್ದರೆ ನಾನೇ ದಿನವೂ ಹೊಗಳುತ್ತಿದ್ದೆ.

ಈಗ ನಿಮ್ಮ ಸರದಿ. ಮಾರ್ಚಿನಲ್ಲಿ ನೀವು ನಮ್ಮ ಮನೆಗೆ ಬಂದಿರಿ. ಪ್ಲಮ್ ಬ್ರೆಡ್ಡಿನ ಮೇಲೆ ಚೀಸ್ ಇಟ್ಟು ಕೊಟ್ಟೆ, ಎರಡು ತುಂಡು ತಿಂದಿರಿ. ಆಮೇಲೆ ಹೊರಗೆ ಹೋಗಿ ಮೂರನೆಯ ವಜ್ರದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡಿರಿ.

“ಮುನ್ನೂರು ವರ್ಷ ಮೇಡಂ,” ಎಂದಿರಿ. “ಮುಟ್ಟಿದ್ರೇ ಗೊತ್ತಾಗತ್ತೆ.”

“ಅದು ನಮ್ಮಪ್ಪ ಕಟ್ಟಿದ್ದು,” ಎಂದೆ.

ನೀವು ಕಣ್ಣು ತೆರೆದು ಮಗುವಿಗೆ ನಗುವಂತೆ ನಕ್ಕಿರಿ. “ಹಳೇ ಮನೆಯವ್ರೆಲ್ಲ ಇಂಥದ್ದೊಂದು ಕಥೆ ಹೇಳ್ತಾರೆ. ಕೇಳೋಕೆ ಚೆನ್ನಾಗಿರತ್ತೆ.”

ನಾನು ಅಲ್ಲಿಗೇ ಬಿಡಲಿಲ್ಲ, ನೆನಪಿದೆಯೇ? ಅಪ್ಪ ಎಡಚ. ಕರಣೆಯನ್ನು ಬಲದಿಂದ ಎಡಕ್ಕೆ ಎಳೆಯುತ್ತಿದ್ದ, ಆದ್ದರಿಂದ ಅವನ ಸಂದುಗಳಲ್ಲಿ ಗಾರೆಯ ಸಣ್ಣ ತುಟಿ ಎಡಗಡೆಗೆ ನಿಂತಿದೆ. ಉಳಿದ ಗೋಡೆಯಲ್ಲೆಲ್ಲ ಅದು ಬಲಗಡೆಗೆ ಇದೆ. ಮೊಣಕಾಲೂರಿ ತೋರಿಸಿದೆ, ಎದ್ದೇಳಲು ನಿಮ್ಮ ತೋಳನ್ನೇ ಹಿಡಿದುಕೊಂಡೆ. ನೀವು ಫೋಟೋ ತೆಗೆದುಕೊಂಡಿರಿ. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಬಂತು: ‘ಮೂಲ ಕುಶಲಕರ್ಮಿಗಳಲ್ಲಿ ಒಬ್ಬರು ಎಡಗೈಯವರಾಗಿದ್ದಿರಬಹುದು, ಇದು ಗೋಡೆಯ ಮಹತ್ವವನ್ನು ಹೆಚ್ಚಿಸುತ್ತದೆ.’ ಎಂಥ ಕುಶಲಕರ್ಮಿ ಸ್ವಾಮಿ ಅವನು! ನೆಲದಿಂದ ಏಳಡಿಯವರೆಗೆ, ನಾಲ್ಕಡಿ ಅಗಲದಲ್ಲಿ ಮಾತ್ರ ಅವನು ಎಡಚ. ಅದರಾಚೆ ಇಟ್ಟಿಗೆ ಎತ್ತಿದ ಕೂಡಲೇ ಬಲಗೈಯವನಾಗುತ್ತಿದ್ದ. ಅವನ ಎಡಗೈತನ ಸರಿಯಾಗಿ ಒಂದು ಬಾಗಿಲಿನ ಅಳತೆಯದು ಎಂಬುದು ನಿಮಗೆ ಎಳ್ಳಷ್ಟೂ ವಿಚಿತ್ರವೆನಿಸಲಿಲ್ಲವೇ?

ಒಂದು ಫೋಟೋ ಕೊಟ್ಟೆ. ೧೯೩೭ರಲ್ಲಿ ಅಜ್ಜಿ ಆ ಬಾಗಿಲಿನಲ್ಲಿ ನಿಂತದ್ದು, ಕಾಲ ಬಳಿ ಒಂದು ಬಾತು, ಅಂಚಿನಲ್ಲಿ ಪ್ರವಾಹದ ಕಲೆ. ‘ಚಿತ್ರದಲ್ಲಿರುವ ಬಾಗಿಲು ಯಾವ ಕಟ್ಟಡದ್ದೆಂದು ಖಚಿತವಾಗುವುದಿಲ್ಲ’ ಎಂದಿರಿ. ಬಾತಿನ ಗುರುತೂ ಖಚಿತವಾಗಲಿಲ್ಲ ಎಂದು ಬರೆಯದಿದ್ದುದು ನಿಮ್ಮ ದೊಡ್ಡಗುಣ. ಹೋಗಲಿ, ಒಂದೇ ಒಂದು ಇಟ್ಟಿಗೆ ತೆಗೆದು ನೋಡಿ, ಹಿಂದೆ ಬೀಗದ ಕೈ ಇಲ್ಲದಿದ್ದರೆ ನಾನು ಮತ್ತೆ ತುಟಿ ಬಿಚ್ಚುವುದಿಲ್ಲ ಎಂದೆ. ಅದಕ್ಕೆ ನಿಮ್ಮ ಕೊನೆಯ ಪತ್ರ. ಅದನ್ನು ನಾನು ಚೌಕಟ್ಟು ಹಾಕಿಸಿ ಇಡಬೇಕೆಂದಿದ್ದೇನೆ. ಇಟ್ಟಿಗೆ ತೆಗೆಯಲು ಅನುಮತಿ ಬೇಕು. ಗೋಡೆ ಮೂಲದ್ದಾದ್ದರಿಂದ ಅನುಮತಿ ಕೊಡಲಾಗದು. ಮೂಲದ್ದಲ್ಲವೆಂದು ತೋರಿಸಿದರೆ ಕೊಡಬಹುದು. ತೋರಿಸಬೇಕಾದರೆ ಇಟ್ಟಿಗೆ ತೆಗೆಯಬೇಕು. ಇಟ್ಟಿಗೆ ತೆಗೆದರೆ ಅಪರಾಧ. ಇಷ್ಟು ಬಿಗಿಯಾಗಿ, ಒಂದು ಸಂದೂ ಕಾಣದಂತೆ ಅಪ್ಪ ಕೂಡ ಯಾವ ಗೋಡೆಯನ್ನೂ ಕಟ್ಟಲಿಲ್ಲ.

ನಿಮಗೆ ತಿಳಿಯದ ಸಂಗತಿ ಒಂದಿದೆ. ನೀವು ಅಂದು ಬಟ್ಟೆ ಒಗೆಯುವ ಕೋಣೆಯನ್ನೂ ನೋಡಿದಿರಿ. ಅಲ್ಲಿ ಸಿರಿಲ್‌ನ ಕೆಲಸದ ಮೇಜಿದೆ. ಪಂಪಿನ ಬಿಡಿಭಾಗ, ಊರವರ ಗಡಿಯಾರ, ಎಲ್ಲವನ್ನೂ ಅವನು ಐವತ್ತು ವರ್ಷ ಅದರ ಮೇಲೆಯೇ ಬಿಚ್ಚಿ ಜೋಡಿಸಿದ್ದಾನೆ. ಫೆಬ್ರುವರಿಯಲ್ಲಿ ಅವನು ಬಿದ್ದದ್ದೂ ಅದರ ಪಕ್ಕದಲ್ಲೇ. ನೀವು ನಿಮ್ಮ ವರದಿಯಲ್ಲಿ ‘ಕೆಲಸದ ಮೇಜು, ಯಾವ ಮಹತ್ವವೂ ಇಲ್ಲ’ ಎಂದು ಬರೆದಿದ್ದೀರಿ. ಅದರ ಹಲಗೆಯ ಅಡಿ ಬಗ್ಗಿ ನೋಡಿದ್ದರೆ ಒಂದು ಕಬ್ಬಿಣದ ಬೀಗ ಕಾಣುತ್ತಿತ್ತು. ಅಪ್ಪ ಏನನ್ನೂ ಎಸೆಯುವವನಲ್ಲ. ಮೂರು ಹೊಲ ಆಚೆ ಸಿಕ್ಕ ಆ ಬಾಗಿಲಿಗೆ ನಾಲ್ಕು ಕಾಲು ಹೊಡೆದು ಮೇಜು ಮಾಡಿದ. ಬೀಗದ ನಾಲಿಗೆ ಇನ್ನೂ ಹೊರಗೇ ಇದೆ, ಆ ಶನಿವಾರ ಸಂಜೆ ಅಜ್ಜಿ ಬೀಗ ಹಾಕಿದಾಗ ಹೇಗಿತ್ತೋ ಹಾಗೆ. ಸಿರಿಲ್‌ನ ತೊಡೆಗೆ ಅದು ಎಷ್ಟು ಸಲ ತಗುಲಿದೆಯೋ ಲೆಕ್ಕವಿಲ್ಲ. ಗರಗಸದಿಂದ ಕೊಯ್ದುಬಿಡಿ ಎಂದರೆ, “ಇರ್ಲಿ ಬಿಡೇ, ಎಂದಾದ್ರೂ ಕೈ ಸಿಕ್ಕಿದ್ರೆ ತಾನೇ ಒಳಗೆ ಹೋಗತ್ತೆ,” ಎನ್ನುತ್ತಿದ್ದ. ಬೀಗ ನನ್ನ ಬಳಿ ಇದೆ, ಕೈ ನಿಮ್ಮ ಗೋಡೆಯಲ್ಲಿದೆ.

ಭಾನುವಾರ ಅವನನ್ನು ನೋಡಲು ಹೋಗಿದ್ದೆ. ನಾನು ಹೀಗೆ ಪತ್ರಿಕೆಗೆ ಬರೆಯುತ್ತೇನೆ ಎಂದೆ.

“ಬರಿ. ಆದ್ರೆ ಮಾವನ್ನ ಬೈಬೇಡ.”

“ನಿಮ್ಮನ್ನ ಹೊರಗಿಟ್ಟಿರೋದು ಅವನ ಗೋಡೇನೇ ಅಲ್ವಾ?”

“ಗೋಡೆ ಚೆನ್ನಾಗಿದೆ ಕಣೇ. ಅದನ್ನ ನಾನೂ ಅವ್ರಿಗೆ ಒಂದಿನಾನೂ ಹೇಳ್ಲಿಲ್ಲ. ಬರೀ ನಕ್ಕಿದ್ದೇ ಆಯ್ತು.” ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. “ಡೋರೀ, ಒಡೀಬೇಕಾದ್ರೆ ಒಂದೊಂದೇ ಬಿಡಿಸು. ಎಲ್ಲಾ ತೆಗೆದಿಡು.”

ಇದನ್ನು ಕೇಳಿ ನಾನು ಅಲ್ಲೇ ಅತ್ತೆ. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ನಾಚಿಕೆಯಿಲ್ಲ. ಆ ಗೋಡೆಯ ಮೇಲೆ ನಿಮಗಿಂತ ಹೆಚ್ಚು ಮಮತೆ ಇರುವವನನ್ನೇ ಆ ಗೋಡೆಯ ಹೆಸರಿನಲ್ಲಿ ಹೊರಗೆ ಕೂರಿಸಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ, ಕಡ್ಡಿ ಮುರಿದ ಹಾಗೆ. ಜೂನ್ ಐದು, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನೀವು ಸೀ ಎಂಡ್ ಮನೆಯ ಅಂಗಳಕ್ಕೆ ಬರಬೇಕು. ಮೇಜಿನ ಕಾಲು ಬಿಚ್ಚಿಸಿ, ಆ ಬಾಗಿಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿರುತ್ತೇನೆ. ಶುಶ್ರೂಷಾಗೃಹದವರು ಸಿರಿಲ್‌ನನ್ನು ಎರಡು ಗಂಟೆಗಳ ಮಟ್ಟಿಗೆ ಅಂಗಳದವರೆಗೆ ಕರೆತರಲು ಒಪ್ಪಿದ್ದಾರೆ. ಮೂರನೆಯ ವಜ್ರದ ಕೆಳತುದಿಯ ಕಪ್ಪು ಇಟ್ಟಿಗೆಯನ್ನು ನೀವೇ ನಿಮ್ಮ ಕೈಯಾರೆ ಬಿಡಿಸಿ. ಸುಣ್ಣದ ಗಾರೆ, ಮೆತ್ತಗೆ ಬರುತ್ತದೆ, ಇಟ್ಟಿಗೆಗೆ ಪೆಟ್ಟಾಗುವುದಿಲ್ಲ. ಅದರ ಹಿಂದೆ ಏನೂ ಇಲ್ಲದಿದ್ದರೆ ಅದೇ ದಿನ ಅದೇ ಗಾರೆಯಲ್ಲಿ ನಾನೇ ಅದನ್ನು ಮರಳಿ ಕೂರಿಸಿ, ನೀವು ಹೇಳಿದ ‘ಬೇರೆ ವಸತಿ’ಗೆ ಸಹಿ ಹಾಕುತ್ತೇನೆ. ಬೀಗದ ಕೈ ಸಿಕ್ಕರೆ ಅದನ್ನು ಸಿರಿಲ್‌ನ ಬಲಗೈಗೆ ಕೊಡಿ. ಎಪ್ಪತ್ತೆರಡು ವರ್ಷದಿಂದ ಹೊರಗೆ ಚಾಚಿಕೊಂಡಿರುವ ಆ ನಾಲಿಗೆಯನ್ನು ಅವನು ಒಳಗೆ ತಳ್ಳಲಿ. ಆಮೇಲೆ ಅಲ್ಲೇ, ಎಲ್ಲರೆದುರಿಗೆ, ಬಾಗಿಲಿಗೆ ಅನುಮತಿ ಬರೆದುಕೊಡಿ. ಬರೆಯಲು ಮೇಜು ಬೇಕಾದರೆ ಕ್ಷಮಿಸಿ, ಅದು ಆ ದಿನ ಬಾಗಿಲಾಗಿರುತ್ತದೆ.

ನೀವು ಬಾರದಿದ್ದರೆ ಹನ್ನೆರಡು ಗಂಟೆಗೆ ನಾನೇ ತೆಗೆಯುತ್ತೇನೆ. ಅದು ಅಪರಾಧವೆಂದು ಬಲ್ಲೆ, ನಿಮ್ಮ ಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅಪ್ಪನ ಉಳಿ ಅಡುಗೆಮನೆಯ ಡ್ರಾಯರಿನಲ್ಲಿದೆ, ನಾನೂ ಎಡಚಿ. ದೋಷಾರೋಪ ಬರೆಯುವಾಗ ಒಂದು ಉಪಕಾರ ಮಾಡಿ: ೧೭೧೪ರ ಅಸಾಧಾರಣ ಗುಣಮಟ್ಟದ ಕೆಲಸಕ್ಕೆ ಕೈಹಾಕಿದಳು ಎಂದೇ ಬರೆಯಿರಿ, ಆ ಮಾತನ್ನು ಕಡಿಮೆ ಮಾಡಬೇಡಿ. ಅಪ್ಪನಿಗೆ ಸಿಕ್ಕ ಹೊಗಳಿಕೆ ಅಷ್ಟೇ.

ಇಂತಿ,
ತಂದೆಗೆ ಇನ್ನೂರ ಅರವತ್ತು ವರ್ಷ ದಾಟಿದ ಮೇಲೆ ಹುಟ್ಟಿದವಳೆಂದು ನಿಮ್ಮ ದಾಖಲೆಯೇ ಹೇಳುವ,
ಎಡಗೈ ಕುಶಲಕರ್ಮಿಯ ಮಗಳು,
ಡೊರೀನ್ ಎಪ್ಟನ್
ಸೀ ಎಂಡ್ ಮನೆ, ಹೆಗ್‌ಬಿ
(ಸದ್ಯಕ್ಕೆ ಒಬ್ಬಳೇ)